ಕೂಗಳತೆ

ಮಗು ಹುಟ್ಟಿದ ಐದನೆಯ ದಿನ ಶೆಟವಿ ತಾಯಿ ಬಂದು ಅದರ ಹಣೆಯ ಮೇಲೆ ಬರೆದು ಹೋಗುತ್ತಾಳೆಂದು ನಮ್ಮ ಹೊಳೆದಂಡೆಯ ಊರುಗಳಲ್ಲಿ ತೊಟ್ಟಿಲ ಬುಡಕ್ಕೆ ಒಂದು ಹಾಳೆ, ಒಂದು ಲೇಖನಿ ಇಟ್ಟು ಕೈಮುಗಿಯುತ್ತಾರೆ. ತಾಯಿ ಏನು ಬರೆದಳೆಂದು ಓದಿದವರು ಯಾರೂ ಇಲ್ಲ. ಬೋರಗಲ್ಲಿನ ಲಗಮವ್ವನ ಬಾಣಂತಿ ಕೋಣೆಯಲ್ಲಿ ಮಾತ್ರ ಆ ದಿನಗಳಲ್ಲಿ ಎರಡು ಬರಹ ನಡೆದವು. ಒಂದು ಕೂಸಿನ ಹಣೆಯ ಮೇಲೆ, ಇನ್ನೊಂದು ಹಡೆದವಳ ಕಣ್ಣಿನ ಒಳಗೆ. ಎರಡನೆಯದನ್ನು ಬರೆಸಿದ್ದು ದೇವರಲ್ಲ, ಅವಳ ತಾಯಿ ಕಾಶವ್ವ. ಅದೂ ಪ್ರೀತಿಯಿಂದ, ಒಂದು ದಿನವೂ ತಪ್ಪದೆ.

ನಲವತ್ತನೆಯ ದಿನ ಬೆಳಿಗ್ಗೆ ಕಾಶವ್ವ ಮಗಳಿಗೆ ಎರೆದು, ಹಸಿರು ಸೀರೆ ಉಡಿಸಿ, ಕಿವಿಯೊಳಗಿನ ಅರಳೆ ತೆಗೆದು, ಕೂಸನ್ನು ಅವಳ ತೋಳಿಗೆ ಕೊಟ್ಟು ಕೋಣೆಯ ಬಾಗಿಲನ್ನು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿದಳು. ಅಂಗಳದಲ್ಲಿ ಐದು ಮಂದಿ ಮುತ್ತೈದೆಯರು ಆರತಿ ಹಿಡಿದು ನಿಂತಿದ್ದರು. ಹೊಳೆಗೆ ಹೋಗಿ ಗಂಗವ್ವನ ಪೂಜೆ ಮಾಡಿ ಬರಬೇಕಿತ್ತು.

ಲಗಮವ್ವ ಹೊಸ್ತಿಲು ದಾಟಿದವಳು ಅಲ್ಲೇ ನಿಂತಳು.

"ಬಾರ ಲಗಮವ್ವಾ, ಬಿಸಲೇರತೈತಿ."

"ಯಾರದು ಮಾತಾಡಿದ್ದು?"

"ಅಯ್ಯ ಇವಳ! ನಾ ನಿಮ್ಮ ಚಿಗವ್ವ. ನಲವತ್ತ ದಿನಕ್ಕ ಮರತಬಿಟ್ಟೇನ? ಕಾಶವ್ವಾ, ನಿನ್ನ ಮಗಳಿಗೆ ಅಂಟಿನ ಉಂಡಿ ಬಾಳ ತಿನ್ನಿಸೀ ಕಾಣಸ್ತೈತಿ, ಮಂಪರ ಇಳದಿಲ್ಲ."

ಹೆಂಗಸರು ನಕ್ಕರು. ಲಗಮವ್ವ ನಗಲಿಲ್ಲ. ಅವಳ ಮುಂದೆ ಬೆಳಕು ಇತ್ತು, ಬಣ್ಣ ಇತ್ತು. ಯಾವುದಕ್ಕೂ ಅಂಚು ಇರಲಿಲ್ಲ. ಅರಿಸಿನ, ಕುಂಕುಮ, ಸುಣ್ಣವನ್ನು ಒಂದೇ ತಾಟಿನ ನೀರಿಗೆ ಹಾಕಿ ಕದಡಿದಂತೆ ಐದೂ ಹೆಂಗಸರು ಒಂದರೊಳಗೊಂದು ಕಲೆತುಹೋಗಿದ್ದರು. ತಲೆ ತಗ್ಗಿಸಿ ತೋಳಿನಲ್ಲಿದ್ದ ಕೂಸನ್ನು ನೋಡಿದಳು. ಅದರ ಒಂದೊಂದು ರೆಪ್ಪೆಗೂದಲು ಬಿಡಿಬಿಡಿಯಾಗಿ ಕಂಡಿತು. ಗದ್ದದ ಮೇಲೆ ಒಣಗಿದ ಹಾಲಿನ ಗೆರೆ ಕಂಡಿತು. ಮತ್ತೆ ತಲೆ ಎತ್ತಿದಳು.

"ಯವ್ವಾ," ಎಂದಳು, "ಕೂಸಿನ ಹೊರತು ಏನೂ ಕಾಣವಲ್ದು."

ಈಗ ಬಳ್ಳಿಮಸೂರದ ಹೆಸರು ಕೇಳದವರು ಕಡಿಮೆ. ಆಗ ಅದು ಹೊಸದು. ನಮ್ಮ ಕಣ್ಣಿನ ಮಸೂರ ಒಂದು ತೊಟ್ಟಿಲಿನ ಹಾಗೆ ನೂರಾರು ಸಣ್ಣ ಎಳೆಗಳ ಮೇಲೆ ತೂಗಿಕೊಂಡಿರುತ್ತದೆ. ಸುತ್ತಲಿನ ಸ್ನಾಯು ಆ ಎಳೆಗಳನ್ನು ಎಳೆದು ಬಿಟ್ಟು ಮಾಡಿದಂತೆ ಮಸೂರ ಚಪ್ಪಟೆಯಾಗಿ, ಉಬ್ಬಿ, ದೂರದ್ದನ್ನೂ ಹತ್ತಿರದ್ದನ್ನೂ ತೋರಿಸುತ್ತದೆ. ಲಗಮವ್ವನ ತಂದೆಯ ವಂಶದಲ್ಲಿ ಆ ಎಳೆಗಳೇ ಸಡಿಲು. ಎಲ್ಲರೂ ಎತ್ತರದ ಆಳುಗಳು, ಕೈಬೆರಳು ಉದ್ದುದ್ದ, ಕಣ್ಣೊಳಗಿನ ತೊಟ್ಟಿಲ ಹಗ್ಗ ಮಾತ್ರ ಹುಟ್ಟುವಾಗಲೇ ಜೀರ್ಣ. ಇಂಥ ಕಣ್ಣಿಗೆ ಹೊಸ ಮಸೂರ ಇಟ್ಟರೆ ಕೂರುವುದಕ್ಕೆ ಆಧಾರವೇ ಇಲ್ಲ. ಹಿಂದಿನ ವೈದ್ಯರು ಅದನ್ನು ಕಣ್ಣಿನ ಬಿಳಿಗೋಡೆಗೆ ದಾರದಿಂದ ಹೊಲಿದು ನಿಲ್ಲಿಸುತ್ತಿದ್ದರು, ಇಲ್ಲವೆ ಪಾಪೆಯ ಸುತ್ತಲಿನ ಬಣ್ಣದ ಪರದೆಗೆ ಕಚ್ಚಿಸುತ್ತಿದ್ದರು. ನಿಲ್ಲುತ್ತಿತ್ತು, ಆದರೆ ಗೋಡೆಗೆ ಹೊಡೆದ ಪಟದಂತೆ ಅಲುಗಾಡದೆ ನಿಲ್ಲುತ್ತಿತ್ತು.

ಬಳ್ಳಿಮಸೂರ ಹಾಗಲ್ಲ. ಅದು ತಿಳಿಯಾದ ಒಂದು ಹನಿ. ಅದರ ಅಂಚಿನಲ್ಲಿ ರೋಗಿಯದೇ ಜೀವಕಣಗಳಿಂದ ಬೆಳೆಸಿದ ಮೊಳಕೆಗಳು. ಕಣ್ಣೊಳಗೆ ಇಟ್ಟ ಮೇಲೆ ಅವು ಬಳ್ಳಿಯ ಕುಡಿಯಂತೆ ಚಾಚಿ, ಬಿಳಿಗೋಡೆಯಲ್ಲಿ ಬೇರೂರಿ, ಸ್ನಾಯುವನ್ನು ಹಿಡಿದುಕೊಳ್ಳುತ್ತವೆ. ಕಣ್ಣು ಏನನ್ನು ಮತ್ತೆ ಮತ್ತೆ ನೋಡಲು ಬಯಸುತ್ತದೋ ಆ ಎಳೆತಕ್ಕೆ ಸಿಕ್ಕ ಕುಡಿಗಳು ದಪ್ಪವಾಗುತ್ತವೆ, ಎಳೆತ ಕಾಣದವು ಒಣಗುತ್ತವೆ. ನಲವತ್ತೆಂಟು ದಿನ, ಒಂದು ಮಂಡಲ. ಆಮೇಲೆ ಬಳ್ಳಿ ಬಲಿತು ಕಾಂಡವಾಗುತ್ತದೆ. ಆದ್ದರಿಂದ ಆ ಒಂದು ಮಂಡಲದಲ್ಲಿ ಕಣ್ಣಿಗೆ ಲೋಕವನ್ನೆಲ್ಲ ತೋರಿಸಬೇಕು. ಸೂಜಿಯ ತೂತು ತೋರಿಸಬೇಕು, ಓಣಿಯ ಕೊನೆ ತೋರಿಸಬೇಕು, ಗುಡ್ಡ ತೋರಿಸಬೇಕು, ಚುಕ್ಕಿ ತೋರಿಸಬೇಕು.

ಲಗಮವ್ವನಿಗೆ ಏಳನೆಯ ತಿಂಗಳಲ್ಲಿ ಬಗ್ಗಿ ಕೊಡ ಎತ್ತುವಾಗ ಬಲಗಣ್ಣಿನ ಮಸೂರ ಪೂರಾ ಕಳಚಿ ಮುಂದಕ್ಕೆ ಬಿದ್ದಿತ್ತು. ಕಣ್ಣು ಕೆಂಡವಾಗಿ, ತಲೆ ಸಿಡಿದು, ವಾಂತಿ ಹತ್ತಿತು. ಪೇಟೆಯ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರ್ ಅರುಂಧತಿ ಹಂಪಿಹೊಳಿ ಅದನ್ನು ತೆಗೆದರು. ಎಡಗಣ್ಣಿನದೂ ನಾಲ್ಕು ಎಳೆಯ ಮೇಲೆ ನೇತಾಡುತ್ತಿತ್ತು. ಒಂದೇ ವಾರದಲ್ಲಿ ಎರಡಕ್ಕೂ ಬಳ್ಳಿಮಸೂರ ಕೂರಿಸಿ, ಹೇಗಿರಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಟ್ಟು ಕಳಿಸಿದರು. ಒಂಬತ್ತನೆಯ ದಿನ, ತುಂಬಲು ಇನ್ನೂ ಆರು ವಾರ ಇರುವಾಗಲೇ, ಹೊಟ್ಟೆ ನೋವು ಕಾಣಿಸಿಕೊಂಡು ಅಂಗೈಯಗಲದ ಹೆಣ್ಣುಕೂಸು ಹುಟ್ಟಿತು.

ಹಾಳೆಯ ಮೇಲೆ ಮೊದಲ ಸಾಲು: ಹೊಗೆ, ಧೂಳು, ಗಾಳಿ, ಬಿಸಿಲು ತಾಗಿಸಬಾರದು. ಕಾಶವ್ವ ಇದನ್ನು ಓದಿಸಿಕೊಂಡು ಸಂತೋಷಪಟ್ಟಳು. ಬಾಣಂತಿಗೂ ಬೇಕಾದದ್ದು ಇದೇ ಅಲ್ಲವೆ? ಮಗಳ ಹೊಟ್ಟೆಯೂ ಹಸಿ, ಕಣ್ಣೂ ಹಸಿ. ಎರಡಕ್ಕೂ ಒಂದೇ ಕೋಣೆ ಆಯಿತು. ಕಿಂಡಿಗೆ ಅರಿವೆ ತುರುಕಿದಳು. ಹೊರಸಿನ ಕೆಳಗೆ ಹೊಗೆಯಿಲ್ಲದ ಕೆಂಡ ಇಟ್ಟಳು. ಕಣ್ಣಿಗಾಗದೆಂದು ಲೋಬಾನ ಕೂಡ ಹಾಕಲಿಲ್ಲ. ಒಂದು ಸಣ್ಣ ದೀಪ. ಹಾಳೆಯ ಕೆಳಗಿನ ಸಾಲು, ದಿನವೂ ಹತ್ತಿರದ್ದು ದೂರದ್ದು ಎಲ್ಲ ನೋಡುತ್ತಿರಬೇಕು ಎಂಬುದು, ನಲವತ್ತು ದಿನ ಕಳೆದ ಮೇಲಿನ ಮಾತೆಂದು ಅವಳು ತಿಳಿದಳು. ಬಾಣಂತಿಯ ಪಾಲಿಗೆ ಎಲ್ಲವೂ ನಲವತ್ತು ದಿನ ಆದ ಮೇಲಿನ ಮಾತೇ.

ಆ ಮಬ್ಬು ಬೆಳಕಿನಲ್ಲಿ ಲಗಮವ್ವ ನೋಡಿದ್ದು ಒಂದನ್ನೇ. ಹುಟ್ಟಿದಾಗಿನಿಂದ ದಪ್ಪ ಕನ್ನಡಕದ ಹಿಂದೆ ಬೆಳೆದವಳು, ಬರಿಗಣ್ಣಿನಿಂದ ಒಂದು ಮುಖವನ್ನು ಹೀಗೆ ಕಂಡದ್ದು ಅದೇ ಮೊದಲು. ನೋಡಿದಷ್ಟೂ ಸಾಲದಾಯಿತು. ಮೊಲೆಯಿಂದ ಕಣ್ಣಿಗೆ ಒಂದು ಗೇಣು ಮತ್ತು ನಾಲ್ಕು ಬೆರಳು. ಬಳ್ಳಿ ಅಷ್ಟನ್ನೇ ಕಲಿತು ಬಲಿಯಿತು.

ಆಸ್ಪತ್ರೆಯಲ್ಲಿ ಈ ಮಸೂರಗಳ ಸುದ್ದಿ ಬರುವ ಒಂದು ಕೋಣೆ ಇತ್ತು. ನೋಟಮನೆ ಎನ್ನುತ್ತಿದ್ದರು. ರೋಗಿ ಸೊಂಟಕ್ಕೆ ಕಟ್ಟಿಕೊಂಡ ಒಂದು ಡಬ್ಬಿ ಆತ ಎಷ್ಟು ದೂರಕ್ಕೆ ನೋಡಿದ ಎಂಬುದನ್ನು ಚುಕ್ಕಿ ಚುಕ್ಕಿಯಾಗಿ ಅಲ್ಲಿಗೆ ಕಳಿಸುತ್ತಿತ್ತು. ಒಬ್ಬೊಬ್ಬರ ಹೆಸರಿನ ಕೆಳಗೂ ಒಂದೊಂದು ಚುಕ್ಕಿಗಳ ಆಕಾಶ. ಲಗಮವ್ವನ ಆಕಾಶದಲ್ಲಿ ಎಲ್ಲ ಚುಕ್ಕಿಗಳೂ ಇರುವೆ ಗೂಡಿನಂತೆ ಒಂದೇ ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು.

"ಇದನ್ನ ನೀವು ನೋಡಿರಲಿಲ್ಲೇನು ಇಮ್ತಿಯಾಜ್?" ಡಾಕ್ಟರು ಕೇಳಿದರು. ದನಿ ಏರಿಸಲಿಲ್ಲ, ಏರಿಸಿದ್ದರೇ ಎಷ್ಟೋ ವಾಸಿಯಿತ್ತು.

ನೋಟಮನೆಯ ಇಮ್ತಿಯಾಜ್ ಮುಲ್ಲಾ ನಲವತ್ತರ ಆಸುಪಾಸಿನ ಮನುಷ್ಯ. ಗೋಡೆಯ ಕಡೆಗೇ ನೋಡುತ್ತ ಹೇಳಿದ: "ನೋಡಿದ್ದೆ ಬಾಯಾರ. ಡಬ್ಬಿ ಕೆಟ್ಟೈತಿ ಅಂದಕೊಂಡೆ. ಎರಡ ಸಲ ಹೊಸಾ ಡಬ್ಬಿ ಕಳಿಸಿದೆ. ಯಾರರ ಒಬ್ಬ ಮನುಷ್ಯ ಇಷ್ಟ ದಿನಾ ಒಂದ ಗೇಣಿನ್ಯಾಗ ಇರತಾನ ಅಂತ ತಲಿಗೇ ಬರಲಿಲ್ಲ." ಆಮೇಲೆ, "ನನ್ನ ಹೆಂಡತೀನೂ ನಲವತ್ತ ದಿನಾ ಅಂಥಾದ ಕೋಣ್ಯಾಗ ಇದ್ಲು. ದಿನಾ ಬಾಗಲಾ ತನಕ ಹೋಗಿ ಮಾತಾಡ್ಸಿ ಬರತಿದ್ದೆ. ಇಲ್ಲಿ ಬಂದು ಕುಂತ ಮ್ಯಾಲ ನೆನಪಾಗಲಿಲ್ಲ" ಎಂದ.

ಲಗಮವ್ವನ ಗಂಡ ಮಾಳಿಂಗ ಕುರಿ ಬಿಟ್ಟು ಹೆಂಡತಿಯನ್ನು ಕರೆತಂದಿದ್ದ. ಹೆಗಲ ಮೇಲಿನ ಕಂಬಳಿ ತೆಗೆಯದೆಯೇ ಕುರ್ಚಿಯ ಅಂಚಿನಲ್ಲಿ ಕೂತಿದ್ದ. "ಕನ್ನಡಕ ಕೊಡ್ರಿ ಮತ್ತ. ಮೊದಲೂ ಹಾಕತಿದ್ಲು."

"ಕೊಟ್ಟು ನೋಡೀವಪ್ಪಾ. ಅರ್ಧ ತಾಸು ಚೆಂದ ಕಾಣತೈತಿ. ಆಮ್ಯಾಲೆ ಬಳ್ಳಿ ಆ ಗಾಜನ್ನೂ ಸೋಲಿಸಿ, ನೋಟಾನ ತಿರುಗಿ ಗೇಣಿಗೇ ತಂದು ನಿಲ್ಲಸತೈತಿ. ಅದಕ್ಕ ಗೊತ್ತಿರೋ ಜಗತ್ತು ಅಷ್ಟ."

"ಹಂಗಾರ ಕಿತ್ತು ಬ್ಯಾರೇದು ಹಾಕ್ರಿ."

"ಬೇರು ಇಳದಾವ. ಕಿತ್ತರ ಗೋಡೀನೂ ಕೂಡ ಬರತೈತಿ. ಕಣ್ಣು ಹೋಗತಾವ."

ಅವನ ಪಕ್ಕದಲ್ಲಿ ಕೂತಿದ್ದ ಲಗಮವ್ವ ಕೇಳಿದಳು, "ಬಾಯಾರ, ನಾ ಹಿಂಗ ಇರೂದೇನ?"

ಡಾಕ್ಟರು ಅವಳ ಹತ್ತಿರ ಬಂದು ಕೂತರು. ಒಂದು ದಾರಿ ಇದೆ ಎಂದರು. ಬಲಿತ ಬಳ್ಳಿಯನ್ನು ಒಂದು ಸಲ, ಒಂದೇ ಸಲ, ಮತ್ತೆ ಎಳೆಯದು ಮಾಡುವ ಔಷಧಿಯ ಹನಿ ಇದೆ. ಬಳ್ಳಿ ಬಲಿತ ಮೂರು ತಿಂಗಳೊಳಗೆ ಹಾಕಬೇಕು, ಆಮೇಲೆ ಹಿಡಿಯುವುದಿಲ್ಲ. ಹಾಕಿದ ಇಪ್ಪತ್ತೊಂದು ದಿನ ಐದು ಮಾರಿನ ಒಳಗೆ ಏನನ್ನೂ ನೋಡಬಾರದು. ನೋಡಿದರೆ ಹಳೆಯ ಎಳೆತಕ್ಕೇ ಬಳ್ಳಿ ತಿರುಗಿ ಬಲಿತುಬಿಡುತ್ತದೆ. ಬರೀ ದೂರ ನೋಡಿದರೆ ಐದು ಮಾರಿನಿಂದ ಹಿಡಿದು ಆಕಾಶದ ಚುಕ್ಕಿಯವರೆಗೂ ಕಾಣುತ್ತದೆ.

"ಮತ್ತ ಹತ್ತರದ್ದು?"

"ಅದು ಹೋಗತೈತಿ ಲಗಮವ್ವಾ. ನಿನ್ನ ಕಣ್ಣಾಗ ಉಳದಿರೋ ಕುಡಿ ಭಾಳ ಸ್ವಲ್ಪ. ಈ ಕಡೆಯರೆ ಎಳಿಬೇಕು, ಇಲ್ಲಾ ಆ ಕಡೆಯರೆ. ಎರಡೂ ಕಡೆ ಸಾಲೂದಿಲ್ಲ."

ದಾರಿಯುದ್ದಕ್ಕೂ ಮಾಳಿಂಗ ಹೇಳುತ್ತಲೇ ಬಂದ. "ಎಲ್ಲಾ ಸಿಗತೈತೆಲ್ಲ. ಗುಡ್ಡ, ಹೊಳಿ, ಕುರಿ, ಚುಕ್ಕಿ. ಹೋಗೂದು ಬರೇ ಒಂದ ಗೇಣು."

"ಆ ಗೇಣಿನ್ಯಾಗ ನಿಮ್ಮ ಮಗಳದಾಳ," ಎಂದಳು ಲಗಮವ್ವ.

ಮಾಳಿಂಗ ಮರುದಿನ ಕುರಿಗೆ ಹೊರಟುಹೋದ.

ಕಾಶವ್ವ ಬಡಿಗೇರನನ್ನು ಕರೆಸಿ ಬಾಣಂತಿ ಕೋಣೆಯ ಬಾಗಿಲನ್ನು ಕೀಲಿನಿಂದ ಎತ್ತಿಸಿ ಹಿತ್ತಲಿನಲ್ಲಿ ಒರಗಿಸಿದಳು. "ಬಾಗಲಾ ಏನ ಪಾಪಾ ಮಾಡಿತ್ತಬೇ?" ಎಂದು ಚಿಗವ್ವ ಕೇಳಿದರೆ, "ಇರಲಿ ಬಿಡು, ಗಾಳಿ ಆಡ್ಲಿ" ಎಂದಳು. ಆ ದಿನದಿಂದ ಅವಳು ಮಗಳ ಎದುರು ಕೂತು ಉಣ್ಣಲಿಲ್ಲ. ಎಲ್ಲಿ ಕೂತರೂ ಮಗಳಿಗೆ ಕಾಣಿಸುವುದಿಲ್ಲವೆಂದು ಗೊತ್ತಿದ್ದರೂ ಕಂಬದ ಮರೆಗೆ ಕೂತು ಉಣ್ಣುತ್ತಿದ್ದಳು.

ಕೂಸಿಗೆ ಮಾಯಕ್ಕ ಎಂದು ಹೆಸರಿಟ್ಟರು. ಲಗಮವ್ವನ ಮನೆ ಒಂದು ಗೇಣಿನ ಮನೆಯಾಯಿತು. ಅದರೊಳಗೆ ಇದ್ದದ್ದೆಲ್ಲ ಅವಳಿಗೆ ಸಿಕ್ಕಾಪಟ್ಟೆ ಚೆನ್ನಾಗಿ ಕಾಣುತ್ತಿತ್ತು. ಓಣಿಯ ಹೆಂಗಸರು ಸೂಜಿಗೆ ದಾರ ಪೋಣಿಸಿಕೊಳ್ಳಲು ಬರುತ್ತಿದ್ದರು, ಅಕ್ಕಿಯೊಳಗಿನ ಹರಳು ಆರಿಸಿಕೊಂಡು ಹೋಗುತ್ತಿದ್ದರು. "ನಮ್ಮ ಹುಡುಗಿ ತಲ್ಯಾಗಿನ ಹೇನು ನೋಡಬೇ ಒಂಚೂರು, ನಿನ್ನಂಥಾ ಕಣ್ಣು ತಾಲೂಕಿನ್ಯಾಗ ಇಲ್ಲ" ಎಂದು ಒಬ್ಬಳು ಮಗಳನ್ನೇ ತಂದು ಮುಂದೆ ಕೂರಿಸಿದಳು. ಲಗಮವ್ವ ನಕ್ಕು ನೋಡಿಕೊಟ್ಟಳು. ಅವರು ಎದ್ದು ಎರಡು ಹೆಜ್ಜೆ ಹೋಗುವುದರೊಳಗೆ ಕರಗಿ ಬಣ್ಣವಾಗಿಬಿಡುತ್ತಿದ್ದರು. ಒಲೆಯ ಮುಂದೆ ಕೂತರೆ ಬೆಂಕಿಯೊಳಗೆ ಮುಖ ಇಟ್ಟ ಹೊರತು ರೊಟ್ಟಿ ಕಾಣುತ್ತಿರಲಿಲ್ಲ. ಹಿತ್ತಲಿಗೆ ಹೋಗಲೂ ಯಾರದಾದರೂ ಕೈ ಬೇಕು. ಹೀಗಾಗಿ ಅವಳು ಏಳುವುದನ್ನೇ ಕಡಿಮೆ ಮಾಡಿದಳು. ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮುಖವನ್ನೇ ನೋಡುತ್ತ ಕೂತರೆ ತನಗೆ ಏನೂ ಕೊರತೆಯಿಲ್ಲ ಅನ್ನಿಸುತ್ತಿತ್ತು. ಕೂಸು ನಿದ್ದೆ ಹೋಗಿ ಕಾಶವ್ವ ಅದನ್ನು ತೊಟ್ಟಿಲಿಗೆ ಹಾಕಿದ ಗಳಿಗೆಯಿಂದ, ಯಾರೋ ಅವಳನ್ನು ಗಂಟು ಕಟ್ಟಿ ಚೀಲದೊಳಗೆ ಇಟ್ಟಂತಾಗುತ್ತಿತ್ತು.

ಎರಡು ತಿಂಗಳು ಹೀಗೇ ಹೋಯಿತು. ಇಮ್ತಿಯಾಜ್ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. "ತಂಗೀ, ಏನ ವಿಚಾರ ಮಾಡೀ?" "ಮಾಡಾಕತ್ತೀನಿ ಅಣ್ಣಾರ." "ದಿನಾ ಹೊಂಟಾವ ನೋಡವ್ವಾ." "ಗೊತ್ತೈತ್ರಿ."

ಒಂದು ಮಧ್ಯಾಹ್ನ ಕಾಶವ್ವ ಅಂಗಳದಲ್ಲಿ ಕೌದಿ ಹಾಸಿ ಕೂಸನ್ನು ಮಲಗಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿ ನೀರಿಗೆ ಹೋದಳು. ಲಗಮವ್ವ ಬೆನ್ನು ನೋಯಿತೆಂದು ಎದ್ದು ಎರಡು ಹೆಜ್ಜೆ ಆಚೆ ಕಂಬಕ್ಕೆ ಒರಗಿದಳು. ಆಗ ಕೌದಿಯ ಕಡೆಯಿಂದ ಉಸ್ಸ್ ಉಸ್ಸ್ ಎಂದು ಮೂಸುವ ಸಪ್ಪಳ. ಕಂದು ಬಣ್ಣದ ಏನೋ ಒಂದು ಕೂಸಿನ ಬಿಳಿ ಅರಿವೆಯ ಮೇಲೆ ಬಾಗಿತ್ತು. ಕೂಸಿನ ದನಿಯಿಲ್ಲ. "ಯಾರದು? ಏ, ಯಾರದು?" ಎಂದಳು. ಅವಳು ಬಿದ್ದು ಎದ್ದು ಅದರ ಮೇಲೆಯೇ ಹಾರಿದಳು. ಕೈಗೆ ಸಿಕ್ಕಿದ್ದು ಒಂದು ಒದ್ದೆ ಮೂಗು, ಗಂಟೆ ಕಟ್ಟಿದ ಒಂದು ಎಳೆಯ ಕೊರಳು. ಪಕ್ಕದ ಮನೆಯ ಕರು ಹಗ್ಗ ಬಿಚ್ಚಿಕೊಂಡು ಬಂದು ಕೂಸಿನ ಕಾಲು ನೆಕ್ಕುತ್ತಿತ್ತು.

ಕಾಶವ್ವ ಬಂದಾಗ ಮಗಳು ಕರುವಿನ ಕೊರಳು ತಬ್ಬಿಕೊಂಡು ಕೂತಿದ್ದಳು. "ಕರಾನೋ ನಾಯೀನೋ ಗೊತ್ತಾಗಲಿಲ್ಲ ಯವ್ವಾ. ಎರಡ ಹೆಜ್ಜಿ ಇತ್ತು. ಗೊತ್ತಾಗಲಿಲ್ಲ. ನಾಳಿ ಇಕಿ ಅಂಬೆಗಾಲ ಇಟ್ಟರ, ನಡದರ, ಹೊಳಿ ಕಡೆ ಹೋದರ..."

ಅಂದು ಸಂಜೆ ಅವಳೇ ಫೋನು ಮಾಡಿದಳು. "ಅಣ್ಣಾರ, ಔಷದ ತಗೊಂಡ ಬರ್ರಿ."

ಆ ಕಾಲಕ್ಕೆ ಔಷಧಿಗಳೆಲ್ಲ ಹಾರುಪೆಟ್ಟಿಗೆಯಲ್ಲಿ ತಾನಾಗಿ ಬಂದು ಅಂಗಳಕ್ಕೆ ಇಳಿಯುತ್ತಿದ್ದವು. ಇಮ್ತಿಯಾಜ್ ಅದನ್ನು ಕಳಿಸಲಿಲ್ಲ. ತಂಪಿನ ಡಬ್ಬಿಯನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ತಾನೇ ಬಂದ. ಬೋರಗಲ್ಲಿನಿಂದ ಎರಡು ಹರದಾರಿ ಆಚೆ ಬೆಳೆ ಎತ್ತಿ ಖಾಲಿಯಾದ ಎರೆಹೊಲದಲ್ಲಿ ಮಾಳಿಂಗನ ಕುರಿಹಟ್ಟಿ ಇಳಿದಿತ್ತು. ಕಣ್ಣು ಹರಿದಷ್ಟು ದೂರ ಗಿಡವಿಲ್ಲ, ಗೋಡೆಯಿಲ್ಲ. ಅಲ್ಲೇ ಇಪ್ಪತ್ತೊಂದು ದಿನ ಎಂದು ನಿಶ್ಚಯವಾಯಿತು.

"ಒಂದ ಮಾತು," ಎಂದ ಇಮ್ತಿಯಾಜ್, ಕಂಬಳಿಯ ಮೇಲೆ ಕೂತು. "ಸುಮ್ಮನ ಬಯಲು ನೋಡಿಕೋತ ಕುಂತರ ಬಳ್ಳಿ ಕಲಿಯೂದಿಲ್ಲ. ನೋಡಬೇಕು ಅನ್ನೋ ಆಸೆ ಇದ್ದರನ ಒಳಗ ಎಳಿತೈತಿ. ದೂರದಾಗ ಆಕಿಗೆ ನೋಡಾಕ ಬೇಕಾದ್ದು ಏನರ ಇರಬೇಕು."

"ಕುರಿ ಅದಾವಲ್ರಿ," ಎಂದ ಮಾಳಿಂಗ, "ಮುನ್ನೂರು ಅದಾವ. ಒಂದಕ್ಕಿಂತ ಒಂದು ಚೆಂದ."

"ನಿಮ್ಮ ಕುರಿ ನಿಮಗ ಚೆಂದ," ಎಂದಳು ಲಗಮವ್ವ. ಆ ದಿನ ಅವಳು ಆಡಿದ ನಗೆಮಾತು ಅದೊಂದೇ.

ಕಾಶವ್ವ ಕೈ ಚಾಚಿದಳು. "ಕೂಸು ನನ್ನ ಕಡೆ ಕೊಡ್ರಿ."

ಎಲ್ಲರೂ ಅವಳ ಕಡೆ ನೋಡಿದರು. ಇಮ್ತಿಯಾಜ್ ಎಷ್ಟು ಮೀಟರು ದೂರ ನಿಲ್ಲಬೇಕೆಂದು ಲೆಕ್ಕ ಹೇಳತೊಡಗಿದ.

"ಮೀಟರು ಗೀಟರು ನನಗ ತಿಳಿಯಂಗಿಲ್ಲೋ ಯಪ್ಪಾ. ಆಕಿ ಕೂಗಿದರ ನನಗ ಕೇಳಸಬೇಕು. ಕೂಸು ಅತ್ತರ ಆಕಿಗೆ ಕೇಳಸಬೇಕು. ಕೂಗಳತಿ. ಅಷ್ಟ ದೂರ ಹೋಗತೀನಿ, ಅದರ ಮುಂದ ಹೋಗಾಂಗಿಲ್ಲ."

ಔಷಧಿಯ ಹನಿ ಬೀಳುವ ಮೊದಲು ಲಗಮವ್ವ ಕೂಸನ್ನು ಇಸಿದುಕೊಂಡು ಒಂದು ಗೇಣು ನಾಲ್ಕು ಬೆರಳಿನ ಅಂತರಕ್ಕೆ ಹಿಡಿದಳು. ಎಷ್ಟು ಹೊತ್ತು ಹಿಡಿದಿದ್ದಳೋ. ಕುರಿಗಳು ಮೇಯುತ್ತ ಒಂದು ಹೊಲ ದಾಟಿ ಹೋದವು. ಯಾರೂ ಅವಸರ ಮಾಡಲಿಲ್ಲ. ಬಳಿಕ ಅವಳು ಕೂಸನ್ನು ತಾಯಿಯ ಕೈಗೆ ಕೊಟ್ಟು ತಾನಾಗಿಯೇ ಅಂಗಾತ ಮಲಗಿ ಕಣ್ಣು ಅಗಲಿಸಿದಳು.

ಅಂದಿನಿಂದ ದಿನಗಳಿಗೆ ಒಂದು ಕ್ರಮ ಬಂತು. ಮೊಲೆಯೂಡುವ ಹೊತ್ತಿಗೆ ನಾಲ್ಕು ಮಡಿಕೆಯ ಕರಿ ಅರಿವೆಯಿಂದ ಕಣ್ಣು ಕಟ್ಟಿಕೊಳ್ಳುವುದು. ಕಾಶವ್ವ ಕೂಸನ್ನು ತಂದು ತೊಡೆಯ ಮೇಲಿಡುವುದು. ಹಾಲು ಕುಡಿದು ಮುಗಿದ ಮೇಲೆ ಅದನ್ನು ಹೆಗಲಿಗೆ ಹಾಕಿಕೊಂಡು ಹೊಲದೊಳಗೆ ದೂರ ನಡೆದುಹೋಗುವುದು. ಲಗಮವ್ವ ನೂರು ಎಣಿಸಿ ಅರಿವೆ ಬಿಚ್ಚುವುದು. ಆಮೇಲೆ ಬಿಸಿಲಿನಲ್ಲಿ ಆ ಮುದುಕಿ ಕೂಸನ್ನು ಎತ್ತಿಕೊಂಡು ನಿಲ್ಲುತ್ತಿದ್ದಳು, ಕೂಡುತ್ತಿದ್ದಳು, ತೂಗುತ್ತಿದ್ದಳು. ಮಗಳನ್ನು ನಲವತ್ತು ದಿನ ಕತ್ತಲಲ್ಲಿ ಕಾಯ್ದವಳು ಈಗ ಮೊಮ್ಮಗಳನ್ನು ದಿನಕ್ಕೆ ಎಂಟು ಸಲ ಅವಳಿಂದ ದೂರ ಒಯ್ಯುತ್ತಿದ್ದಳು. ಒಯ್ಯುವಾಗ ಅಳುತ್ತಿದ್ದಳೋ ಏನೋ. ಬೆನ್ನು ಈ ಕಡೆಗಿರುತ್ತಿತ್ತು, ತಿರುಗಿದರೂ ಮುಖ ಲಗಮವ್ವನಿಗೆ ಕಾಣುತ್ತಿರಲಿಲ್ಲ.

ಮೊದಲ ವಾರ ಲಗಮವ್ವ ಕಂಡದ್ದು ಕರಿ ನೆಲದ ಮೇಲೆ ಒಂದು ಕೆಂಪು ಕಲೆ. ಅದು ಕೂಸಿನ ಕುಂಚಿಗೆ. ಕಣ್ಣು ಅದರ ಹಿಂದೆಯೇ ಹೋಗುತ್ತಿತ್ತು. ಕಣ್ಣಿನ ಬುಡದಲ್ಲಿ ಯಾರೋ ಬೆರಳಿಟ್ಟು ಜಗ್ಗಿದಂತೆ ನೋವು. "ಇವತ್ತ ಎರಡ ಚುಕ್ಕಿ ಗೂಡು ಬಿಟ್ಟು ಹೊರಗ ಬಂದಾವ ತಂಗೀ!" ಎಂದು ಇಮ್ತಿಯಾಜ್ ನೋಟಮನೆಯಿಂದ ಫೋನಿನಲ್ಲಿ ಕೂಗಿದ. ಹಿಂದೆ ಡಾಕ್ಟರಮ್ಮ ಯಾರಿಗೋ ಸುಮ್ಮನಿರಲು ಹೇಳಿದ್ದು ಕೇಳಿಸಿತು. ಎರಡನೆಯ ವಾರ ಕೆಂಪು ಕಲೆಯ ಪಕ್ಕದಲ್ಲಿ ನೆಟ್ಟ ಕಂಬದಂತೆ ಏನೋ ಮೂಡಿತು. ಆಮೇಲೆ ಕಂಬಕ್ಕೆ ಸೆರಗು ಬಂತು, ಸೆರಗಿಗೆ ಅಂಚು ಬಂತು. ಒಂದು ಸಂಜೆ ಮಾಳಿಂಗನ ಹಿಂಡಿನೊಳಗಿನ ಕುರಿಗಳು ಒಂದರಿಂದೊಂದು ಬೇರೆಯಾದವು. ಅವಳು ಕೂತಲ್ಲಿಂದಲೇ ಎಣಿಸಿ ಎರಡು ಕಡಿಮೆ ಇವೆ ಎಂದಳು. ಮಾಳಿಂಗ ಕುರಿಗಳ ಕೊರಳಪಟ್ಟಿಯ ಯಂತ್ರ ನೋಡಿ ಸರಿಯಾಗಿದೆ ಎಂದ. ಹುಡುಕಿದರೆ ಎರಡು ಕೊರಳಪಟ್ಟಿಗಳು ಮುಳ್ಳಿಗೆ ಸಿಕ್ಕಿ ಅಲ್ಲೇ ಇದ್ದವು, ಕುರಿಗಳು ಹಳ್ಳದ ಆಚೆ. ಅವನು ಹೆಂಡತಿಯನ್ನು ಹೊಸಬಳಂತೆ ನೋಡಿದ.

ಆದರೆ ಬೆವರು ಒರೆಸಲು ಕೈ ಎತ್ತಿದಾಗ, ಕಣ್ಣು ಮುಚ್ಚುವುದರೊಳಗೆ, ಅವಳಿಗೆ ಗೊತ್ತಾಗಿತ್ತು. ಅಂಗೈಯಲ್ಲಿ ಗೆರೆಗಳಿರಲಿಲ್ಲ. ಈ ಕಡೆಯ ಬಾಗಿಲು ತೆರೆಯುತ್ತಿದ್ದಂತೆ ಆ ಕಡೆಯದು ಮುಚ್ಚಿಕೊಳ್ಳುತ್ತಿತ್ತು. ಯಾವ ಕೋಣೆಯಲ್ಲಿ ಇರುತ್ತೀಯ ಎಂದು ಕೇಳಿದರೇ ಹೊರತು ಕೋಣೆಯೇ ಬೇಡ ಎನ್ನುವ ಮಾತನ್ನು ಯಾರೂ ಅವಳ ಮುಂದೆ ಇಟ್ಟಿರಲಿಲ್ಲ.

ಅವಳು ಚಿಂಚಲಿಯ ಮಾಯಕ್ಕದೇವಿಯನ್ನು ನೆನೆಯುತ್ತಿದ್ದಳು. ಬೇಡಿಕೊಳ್ಳಲು ಏನೂ ಉಳಿದಿರಲಿಲ್ಲವಾಗಿ ಬರೀ ನೆನೆಯುತ್ತಿದ್ದಳು. ದೇವರನ್ನಾದರೂ ಯಾರು ಗೇಣಿನ ಅಂತರದಿಂದ ಕಂಡಿದ್ದಾರೆ? ಹೊಸ್ತಿಲಿನ ಈಚೆ ನಿಂತು, ಮುಂದಿನವರ ಹೆಗಲ ಮೇಲಿಂದ, ದೀಪ ಆಡಿದಷ್ಟು ಹೊತ್ತು ನೋಡುತ್ತೇವೆ. ಹತ್ತಿರ ಹೋದೆವೆಂದು ಹೇಳುವವರು ಕಣ್ಣು ಮುಚ್ಚಿಕೊಂಡಿರುತ್ತಾರೆ.

ಹತ್ತೊಂಬತ್ತನೆಯ ದಿನ. ಹೊತ್ತು ಏರಿತ್ತು. ಕಣ್ಣು ಕಟ್ಟಿಕೊಂಡು ಲಗಮವ್ವ ಮೊಲೆಯೂಡುತ್ತಿದ್ದಳು. ಹಾಲು ಸಾಕಾಗಿ ಕೂಸು ಬಾಯಿ ಬಿಟ್ಟಿತು. ಅವಳು ರೂಢಿಯಂತೆ ಬೆರಳಿನಿಂದ ಅದರ ಹುಬ್ಬು ಸವರಿದಳು, ಮೂಗು ಸವರಿದಳು, ಕಿವಿಯ ಹಿಂದೆ ಸವರಿದಳು. ಆಗ ಕೂಸು ನಕ್ಕಿತು.

ನಸುನಗುವುದನ್ನು ಅವಳು ಗೇಣಿನ ಕಾಲದಲ್ಲಿ ಕಂಡಿದ್ದಳು. ಇದು ದನಿ ಎತ್ತಿದ ನಗು, ಹುಟ್ಟಿದ ಮೇಲೆ ಮೊದಲ ಸಲ. ಹೊಸ ಕೊಡಕ್ಕೆ ನೀರು ಬಿದ್ದಂತೆ ಬುಳುಬುಳು ಎಂದು ಬಂತು, ನಿಂತಿತು, ಮತ್ತೆ ಬಂತು.

ಲಗಮವ್ವನ ಎಡಗೈ ಕಣ್ಣಿನ ಅರಿವೆಗೆ ಹೋಯಿತು.

ಕಾಶವ್ವ ಎದುರಿಗೇ ಕೂತಿದ್ದಳು. ಬ್ಯಾಡ ಎನ್ನಲು ಬಾಯಿ ತೆರೆದಳು. ಯಾವ ಬಾಯಿಂದ ಹೇಳಲಿ? ಅರಿವೆಯ ಅಂಚಿಗೆ ಬೆರಳು ತಾಗಿತ್ತು. ಒಂದು ಸಲ ಎತ್ತಿದರೆ ಸಾಕು. ಹೇಗೂ ಗೇಣಿನ ನೋಟ ಪೂರ್ತಿ ಸತ್ತಿರಲಿಲ್ಲ. ಇನ್ನೂ ಒಂದಿಷ್ಟು ಕಂಡೀತು. ಒಂದು ಸಲ ಕಂಡರೆ ಕಣ್ಣು ಮತ್ತೆ ಅಲ್ಲಿಂದ ಏಳುವುದಿಲ್ಲವೆಂದು ಲಗಮವ್ವನಷ್ಟು ಚೆನ್ನಾಗಿ ಯಾವ ಡಾಕ್ಟರಿಗೂ ಗೊತ್ತಿರಲಿಲ್ಲ.

ಕೂಸು ಮತ್ತೆ ನಕ್ಕಿತು.

"ಯವ್ವಾ," ಎಂದಳು ಲಗಮವ್ವ. "ನಕ್ಕರ ಕಣ್ಣ ಮುಚ್ಚತಾಳೇನ, ತೆರದಿರತಾಳೇನ?"

"ಮುಚ್ಚತಾಳವ್ವಾ. ಗಟ್ಟಿ ಮುಚ್ಚತಾಳ. ನೀ ಸಣ್ಣಾಕಿದ್ದಾಗ ಮುಚ್ಚತಿದ್ದಿ, ಹಂಗ."

"ಒಯ್ಯಿ ಆಕೀನ್ನ. ನಗಿಸಿಕೋತ ಒಯ್ಯಿ. ನಿಲ್ಲಬ್ಯಾಡ, ಜಲ್ದಿ ಒಯ್ಯಿ."

ಕಾಶವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಅಂದು ಅದರ ಮುಖ ಲಗಮವ್ವನ ಕಡೆಗೆ ಇರುವಂತೆ ಹಾಕಿಕೊಂಡಳು. ಬೆನ್ನ ಮೇಲೆ ಬೆರಳಾಡಿಸುತ್ತ ನಡೆದಳು. ನಗು ಅವಳೊಡನೆ ದೂರ ಸರಿಯಿತು. ಲಗಮವ್ವ ಎದ್ದು ನಿಂತು ಹೆಜ್ಜೆಯ ಸಪ್ಪಳ ಎಣಿಸಿದಳು. ನೂರು ಎಣಿಸಬೇಕು. ಹತ್ತು. ಹದಿನೈದು. ಐದು ಮಾರಾಗಲು ಎಷ್ಟು ಹೆಜ್ಜೆ ಬೇಕು? ಇಪ್ಪತ್ತು. ನಗು ಇನ್ನೂ ಕೇಳಿಸುತ್ತಿತ್ತು. ಅವಳು ಅರಿವೆಯನ್ನು ಹಣೆಯ ಮೇಲಕ್ಕೆ ಜಗ್ಗಿದಳು.

ಬೆಳಕು ಮೊದಲು ಕುಕ್ಕಿತು. ಆಮೇಲೆ ಕರಿ ನೆಲ ನಿಂತಿತು. ನೆಲದ ಮೇಲೆ ತಾಯಿಯ ಬೆನ್ನು, ರವಿಕೆಯ ಹೊಲಿಗೆ, ಜಾರಿದ ತುರುಬು. ಹೆಗಲ ಮೇಲೆ ಕೆಂಪು ಕುಂಚಿಗೆಯೊಳಗೆ ಏನೋ ಒಂದು ದುಂಡಗೆ. ಕಣ್ಣಿನ ಬುಡದಲ್ಲಿ ಎಳೆತ ಬಂತು, ಇಷ್ಟು ದಿನದಲ್ಲಿ ಎಂದೂ ಬಾರದಷ್ಟು. ಅವಳು ತಡೆದುಕೊಂಡಳು. ದುಂಡಗಿದ್ದದ್ದಕ್ಕೆ ಗದ್ದ ಬಂತು. ಹಲ್ಲಿಲ್ಲದ ಬಾಯಿ ಬಂತು. ಗಟ್ಟಿಯಾಗಿ ಮುಚ್ಚಿದ ಎರಡು ಕಣ್ಣು ಬಂದವು, ನಗು ನಿಂತಾಗ ಅವು ತೆರೆದು ನೇರ ಇತ್ತಲೇ ನೋಡಿದವು.

"ಯವ್ವಾ!" ಎಂದು ಕೂಗಿದಳು.

ಕಾಶವ್ವ ಬೆಚ್ಚಿ ತಿರುಗಿ ನೋಡಿದಳು. ಮಗಳು ಅರಿವೆ ಎತ್ತಿಕೊಂಡು, ಮುಖವೆಲ್ಲ ನೀರಾಗಿ, ಎರಡೂ ಕೈ ಮುಂದೆ ಚಾಚಿ ನಿಂತಿದ್ದಳು. ಮುದುಕಿಗೆ ಬೇರೇನೂ ತೋಚಲಿಲ್ಲ. ಕೂಸನ್ನು ಎದೆಗೆ ಬದಲಿಸಿಕೊಂಡು, ಸೆರಗು ಕಾಲಿಗೆ ತೊಡರುತ್ತಿದ್ದರೂ ಲೆಕ್ಕಿಸದೆ, ಮಗಳ ಕಡೆಗೆ ಓಡಿ ಬರತೊಡಗಿದಳು.

"ಬರಬ್ಯಾಡ!" ಲಗಮವ್ವ ಚೀರಿದಳು. ತಾನೂ ಮುಂದಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. "ಹತ್ತರ ಬರಬ್ಯಾಡ ಯವ್ವಾ! ಅಲ್ಲೇ ನಿಲ್ಲು... ದೂರೂ ಹೋಗಬ್ಯಾಡ. ಅಲ್ಲೇ, ಅಲ್ಲೇ ನಿಲ್ಲು. ಆಕೀನ್ನ ಎತ್ತಿ ಹಿಡಿ."

ಕಾಶವ್ವ ನಿಂತಳು. ಹೊಲದ ನಡುವೆ, ಏದುಸಿರು ಬಿಡುತ್ತ, ಕೂಸನ್ನು ಎರಡೂ ಕೈಯಿಂದ ಎತ್ತಿ ಹಿಡಿದು ನಿಂತಳು. ತೋಳು ಸೋತರೂ ಇಳಿಸಲಿಲ್ಲ.